ಎರಡು ಜಾಳಿ, ಒಂದೇ ಹೊಗೆ

ಬಸಲಿಂಗಮ್ಮ ಅಕ್ಕಿ ಡಬ್ಬಿಯನ್ನು ಬೋರಲು ಹಾಕಿದಳು. ಹಾಸಿಗೆಯ ಸುರುಳಿ ಬಿಚ್ಚಿ ಕೊಡವಿದ್ದಾಗಿತ್ತು, ಟ್ರಂಕಿನ ತಳ ಕೆದರಿದ್ದಾಗಿತ್ತು. ದೇವರ ಮಾಡದೊಳಗಿನ ವಿಭೂತಿ ಗಟ್ಟಿ, ಬತ್ತಿಯ ಕಟ್ಟು, ಹಳೇ ಪಂಚಾಂಗ ಎಲ್ಲ ನೆಲದ ಮೇಲೆ ಬಿದ್ದಿದ್ದವು. ಈಗ ಅಕ್ಕಿಯೂ ಬಿತ್ತು. ಕರಡಿಗೆ ಮಾತ್ರ ಇಲ್ಲ. ಮದುವೆಯಾದಾಗಿನಿಂದ ಮೂವತ್ತೇಳು ವರ್ಷ ಗಂಡನ ಎದೆಯ ಮೇಲೆ ತೂಗಾಡಿದ ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ, ಬೇಕಾದ ಹೊತ್ತಿಗೇ ಎಲ್ಲಿ ಹೋಗಿ ಅಡಗಿತೋ ಆ ಶಿವನೇ ಬಲ್ಲ!

“ಅಪ್ಪ ಅಕ್ಕ್ಯಾಗ ಯಾಕ ಇಡ್ತಾನವ್ವಾ?” ಎಂದಳು ಮಗಳು ಶೋಭಾ, ಕಾಲಿಗೆ ಸಿಕ್ಕ ಅಕ್ಕಿಯನ್ನು ಗೋರುತ್ತ.

“ನಿಮ್ಮಪ್ಪಾರು ಎಲ್ಲಿ ಏನಿಡ್ತಿದ್ರು ಅಂತ ಗೊತ್ತಿದ್ರ ನಾ ಯಾಕ ಅಕ್ಕಿ ಚೆಲ್ಲಲಿ?”

ಪಡಸಾಲೆಯಲ್ಲಿ ಗಂಡ ಸೂಗಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಹಾರ. ಎದೆಗೂ ಸೊಂಟಕ್ಕೂ ಬಿಳಿ ಬಟ್ಟೆ ಬಿಗಿದದ್ದರಿಂದ ನೆಟ್ಟಗೆ ಕೂತಿದ್ದ. ಬದುಕಿದ್ದಾಗ ಒಂದು ದಿನವೂ ಇಷ್ಟು ನೆಟ್ಟಗೆ ಕೂತ ಆಸಾಮಿಯಲ್ಲ. ಎಡಗೈಯನ್ನು ಅಂಗೈ ಮೇಲಾಗಿ ತೊಡೆಯ ಮೇಲಿರಿಸಿದ್ದರು. ಆ ಅಂಗೈಯಲ್ಲಿ ಲಿಂಗವಿಟ್ಟು, ಕೂತವನನ್ನು ಕೂತ ಹಾಗೆಯೇ ಮಣ್ಣಿಗಿಳಿಸುವುದು ಅವರ ಪದ್ಧತಿ. ಅಂಗೈ ಖಾಲಿಯಿತ್ತು.

“ನಾಲ್ಕಕ್ಕ ಎತ್ತಬೇಕ್ರಿ ತಾಯಿ,” ಎಂದರು ಅಯ್ಯನವರು. “ಕುಣಿ ತೋಡಿ ಆಗೈತಿ.”

“ಸಿಗದಿದ್ರ?”

“ಲಿಂಗ ಇಲ್ಲದವರನ್ನ ನಾ ಹ್ಯಾಂಗ ಕೂಡಸಲಿ? ಮಲಗಿಸಿ ಒಯ್ದು ಸುಡಬೇಕಾಗತೈತಿ, ಬ್ಯಾರೇದವರಂಗ.”

“ಹೊಸಾದೊಂದು ಕಟ್ಟಾಕ ಬರೂದಿಲ್ಲೇನ್ರಿ?”

“ಜೀವ ಇದ್ದವರಿಗೆ ದೀಕ್ಷಾ ಕೊಡ್ತೀವ್ರಿ. ಹೆಣದ ಕಿವ್ಯಾಗ ಮಂತ್ರ ಹೇಳಿದ್ರ ಕೇಳಸ್ತೈತೇನು?” ಅವರೇನೂ ಕಟುಕರಲ್ಲ, ಮೆತ್ತಗೇ ಹೇಳಿದರು.

ನಿನ್ನೆ ಐತವಾರ ಸೂಗಪ್ಪ, ಹಿಂದಿನ ಓಣಿಯ ಖಾಜಾ ಮಿಯಾನ ಹಿತ್ತಲಲ್ಲಿ, ತನ್ನ ಇಂಜನ್ನಿನ ಬೆಂಕಿಗೆ ಒಂದು ಕಟ್ಟಿಗೆ ಹಾಕಲು ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಖಾಜಾ ತನ್ನ ಆಟೋದಲ್ಲೇ ದವಾಖಾನೆಗೆ ಒಯ್ದ. ಅಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು: ಅಂಗಿ, ಚಷ್ಮಾ, ಗಡಿಯಾರ. ಕರಡಿಗೆ ಇರಲಿಲ್ಲ. ಇಲ್ಲಿಗೆ ಬರುವಾಗಲೇ ಕೊರಳಲ್ಲಿ ಏನೂ ಇರಲಿಲ್ಲ ಎಂದು ನರ್ಸಮ್ಮ ಆಣೆ ಮಾಡಿ ಹೇಳಿದ್ದಳು.

*

ಇಂಜನ್ನು ಅಂದರೆ ರೈಲಿನದಲ್ಲ. ನೋಡಲು ಮಾತ್ರ ಥೇಟ್ ಹಾಗೆಯೇ.

ಸೂಗಪ್ಪ ರಾಮಚಂದ್ರಾಪುರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ಮುಂದೆ ನಿಂತವನು. ಅಲ್ಲಿನ ಗೆಸ್ಟ್ ಹೌಸಿನಲ್ಲಿ ಹಿಂದೊಮ್ಮೆ ಒಬ್ಬ ಅಮೆರಿಕದ ಇಂಜಿನಿಯರ್ ಇದ್ದ. ಅವನ ಹಿತ್ತಲಲ್ಲೊಂದು ಕಬ್ಬಿಣದ ಒಲೆ. ಅಡ್ಡ ಮಲಗಿಸಿದ ಪೀಪಾಯಿ, ಅದರ ಒಂದು ಬದಿಗೆ ಸ್ವಲ್ಪ ಕೆಳಗೆ ಬೆಂಕಿಯ ಪೆಟ್ಟಿಗೆ, ಇನ್ನೊಂದು ಬದಿಗೆ ಹೊಗೆ ಕೊಳವೆ. ಬೆಂಕಿ ಒಂದು ಕಡೆ ಉರಿಯುತ್ತದೆ, ಅಡುಗೆ ಇನ್ನೊಂದು ಕಡೆ ಹೊಗೆಯಲ್ಲೇ ಬೇಯುತ್ತದೆ. ಅದರ ತಳ ತೂತು ಬಿದ್ದಾಗ ಬೆಸುಗೆ ಹಾಕಲು ಸೂಗಪ್ಪನನ್ನು ಕಳಿಸಿದ್ದರು. ಮನೆಗೆ ಬಂದವನು ಎಂಟು ದಿನ ಅದರದೇ ಮಾತಾಡಿ ಹೆಂಡತಿಯ ತಲೆ ತಿಂದಿದ್ದ.

ರಿಟೈರಾದ ಮೇಲೆ ಕೈಗೆ ಕೆಲಸವಿಲ್ಲದೆ ಹೊಯ್ದಾಡಿದ. ಗ್ಯಾಸ್ ಒಲೆಯ ಮುಂದೆ ನಿಂತು ಉರಿ ಸಣ್ಣ ಮಾಡುವುದು, ದೊಡ್ಡ ಮಾಡುವುದು. ಒಂದು ದಿನ, “ನಡಿ, ಹೊಸಾ ಒಲಿ ನೋಡೋಣು” ಎಂದು ಬಸಲಿಂಗಮ್ಮನನ್ನು ಮಾದಾಪುರದ ದೊಡ್ಡ ಅಂಗಡಿಗೆ ಕರೆದೊಯ್ದ. ಹೊಸ ಫ್ಲ್ಯಾಟಿನವರಿಗೆಂದು ಅಲ್ಲಿ ಅಂಥವೇ ಒಲೆಗಳನ್ನು ಸಾಲಾಗಿ ಇಟ್ಟಿದ್ದರು, ಮುಖ ಕಾಣುವ ಹಾಗೆ ಮಿಂಚುತ್ತಿದ್ದವು. ಸೂಗಪ್ಪ ಬೆರಳ ಗಿಣ್ಣಿನಿಂದ ಒಂದನ್ನು ಬಡಿದ. ಟಿಣ್ ಎಂದಿತು.

“ಇದು ಬಿಸ್ಕೀಟಿನ ಡಬ್ಬಿ. ಗಾಳಿ ಬೀಸಿದ್ರ ತಣ್ಣಗಾಗತೈತಿ,” ಎಂದು ಅಂಗಡಿಯವನ ಮುಂದೆಯೇ ಹೇಳಿ ಹೊರಬಿದ್ದ.

ಅಲ್ಲಿಂದ ಸನತ್‌ನಗರದ ಗುಜರಿಗೆ. ಹಳೇ ಕಂಪ್ರೆಸರ್ ಟ್ಯಾಂಕುಗಳ ರಾಶಿಯಲ್ಲಿ ಒಂದೊಂದನ್ನೂ ಬಡಿದು, ಕಿವಿ ಹಚ್ಚಿ, ಮೂಸಿ ನೋಡಿದ. ಸೀಮೆಎಣ್ಣೆ ವಾಸನೆ ಬಂದದ್ದನ್ನು ಒದ್ದು ಸರಿಸಿದ. ಮಧ್ಯಾಹ್ನದ ಹೊತ್ತಿಗೆ ಒಂದು ಟ್ಯಾಂಕು ಧಮ್ ಎಂದಿತು.

“ಇದರ ಚರ್ಮ ದಪ್ಪ ಐತಿ ನೋಡು. ಕಾಯಾಕ ಹೊತ್ತು ಹಿಡೀತೈತಿ. ಒಮ್ಮೆ ಕಾದ್ರ ಲಗೂ ಆರೂದಿಲ್ಲ. ಥೇಟ್ ನಿನ್ನಂಗ!”

“ಸುಮ್ನಿರ್ರಿ, ಮಂದಿ ನೋಡಾಕತ್ತಾರ,” ಎಂದು ಬಸಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡಿದ್ದಳು.

ಕೊಯ್ದು, ಬೆಸೆದು, ಎರಡು ಗಾಲಿ ಹಚ್ಚಿ ತನ್ನ ಇಂಜನ್ನು ತಾನೇ ಮಾಡಿದ. ಬೇವಿನ ಕಟ್ಟಿಗೆ ಮುಟ್ಟುತ್ತಿರಲಿಲ್ಲ, ಕಹಿ. ಕಾವಿಗೆ ಹುಣಸೆ, ವಾಸನೆಗೆ ಮಾವು. ಬಿಳಿ ಹೊಗೆ ಬಂದರೆ ಬೆಂಕಿಗೆ ಉಸಿರು ಸಾಲದೆಂದು ಅರ್ಥ, ಕಂಡೂ ಕಾಣದಂಥ ನೀಲಿ ಹೊಗೆ ಬರುವತನಕ ಕಾಯಬೇಕು, ಆಮೇಲೆ ಬದನೆಕಾಯಿ ಇಡಬೇಕು. ಮೊದಲ ದಿನವೇ ಬಸಲಿಂಗಮ್ಮ ಹೊಗೆಗೆ ದಮ್ಮು ಹತ್ತಿ ಮೂರು ದಿನ ಮಲಗಿದಳು. “ನಿನ್ನ ಎದಿಗೆ ಆಗೂದಿಲ್ಲ, ಖಾಜಾನ ಹಿತ್ತಲಕ್ಕ ಒಯ್ತೀನಿ,” ಎಂದ. ಅಂದಿನಿಂದ ಪ್ರತಿ ಐತವಾರ ಅವಳು ಅಮೀರ್‌ಪೇಟೆಗೆ ವಚನ ಹೇಳುವ ಕೂಟಕ್ಕೆ ಹೋದರೆ ಅವನು ಇಂಜನ್ನು ತಳ್ಳಿಕೊಂಡು ಹಿಂದಿನ ಓಣಿಗೆ ಹೋಗುತ್ತಿದ್ದ. ಸಂಜೆ ಅವಳಿಗಾಗಿ ಹೊಗೆಯಲ್ಲಿ ಬೆಂದ ಬದನೆಕಾಯಿ ಬರುತ್ತಿತ್ತು. ಅದನ್ನು ಕಿವುಚಿ ಮಾಡಿದ ಬಜ್ಜಿ, ಜೋಳದ ರೊಟ್ಟಿ. ಆ ರುಚಿಗೆ ಅವಳು ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳು.

*

ಎರಡು ಗಂಟೆಗೆ ರಾಮದಾಸ ಬಂದ. ಸೂಗಪ್ಪನ ಜೊತೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದವನು, ರಾಯಚೂರು ಕಡೆಯವನು. ಬಂದವನೇ ಹೆಣದ ಮುಂದೆ ಕುಸಿದು ಕೂತು ಬಾಯಿ ಬಿಟ್ಟು ಅತ್ತ.

“ಏನು ಕೈಯಿ ಅದು ಸೂಗಪ್ಪಾ! ಎಂಟು ದಿನದ ಹಿಂದ ರಾನ್ ಮಾಡಿದ್ದಿ, ಎಲುಬಿನಿಂದ ಹಂಗ ಜಾರಿ ಬೀಳತಿತ್ತು. ಏಳು ತಾಸು ಬೆಂಕಿ ಬಿಟ್ಟು ಕದಲಿಲ್ಲ ನೀ!”

ಸೂಗಪ್ಪನ ಅಕ್ಕ ಶಿವದೇವಿ ಬೆಳಗಿನ ರೈಲಿಗೆ ಕಲಬುರ್ಗಿಯಿಂದ ಬಂದಿದ್ದಳು. ಮಡಿ ಅಂದರೆ ಮಡಿ, ಈರುಳ್ಳಿ ಕೂಡ ತಿನ್ನದ ಹೆಂಗಸು. ಅವಳು ಅಳು ನಿಲ್ಲಿಸಿ ಕೇಳಿದಳು: “ರಾನ್ ಅಂದ್ರೇನಪಾ?”

“ಕುರಿ ತೊಡಿರಿ, ಅಕ್ಕಾರ.”

ಭಜನೆಯವರ ತಾಳ ನಿಂತಿತು. ರಾಮದಾಸ ಸುತ್ತ ನೋಡಿ, ತಾನೇನಂದೆ ಎಂದು ಗೊತ್ತಾಗಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

“ನಮ್ಮ ಸೂಗ್ಯಾ? ಕುರಿ?” ಶಿವದೇವಿ ಎದ್ದು ನಿಂತಳು. “ಬಸ್ಸವ್ವಾ, ಇದೇನ ಇದು?”

ಖಾಜಾನನ್ನು ಕರೆಸಿದರು. ಬೀದರ್ ಕಡೆಯವನು, ಕನ್ನಡ ಬಲ್ಲವನು. ಹೊಸ್ತಿಲಾಚೆಯೇ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ.

“ಕುರಿ ಗೋಶ್ತ್ ನಮ್ದು ಅಮ್ಮಾ, ಬೆಂಕಿ ಅಷ್ಟೇ ಭಾಯ್‌ಸಾಬ್‌ರದು. ಓಣಿ ಮಂದಿ ಎಲ್ಲಾ ತಿಂತಿದ್ವಿ. ನಿಮ್ಮ ಬದನೀಕಾಯಿ ಮೊದಲು ಬೇಯಿಸಿ, ತೆಗೆದಿಟ್ಟು, ಆಮ್ಯಾಲೆ ನಮ್ದು. ಇಟ್ಟು ಬೇಯಿಸೋ ಜಾಳಿ ಬ್ಯಾರೆ ಬ್ಯಾರೆ.”

ಓಡಿಹೋಗಿ ಎರಡು ಕಬ್ಬಿಣದ ಜಾಳಿ ತಂದು ಅಂಗಳದಲ್ಲಿಟ್ಟ. ಒಂದು ಜಿಡ್ಡು ಹಿಡಿದು ಕಪ್ಪಾಗಿತ್ತು. ಇನ್ನೊಂದರ ಅಂಚಿಗೆ ಉಳಿಯಿಂದ ಮೂರು ಅಡ್ಡಗೆರೆ ಕೊರೆದಿತ್ತು, ಹಣೆಯ ವಿಭೂತಿಯ ಹಾಗೆ. ಅದು ಬಸಲಿಂಗಮ್ಮನ ಜಾಳಿ.

“ಜಾಳಿ ಎರಡು, ಖರೆ,” ಎಂದಳು ಶಿವದೇವಿ. “ಹೊಗಿ ಒಂದೇ ಅಲ್ಲ?”

ಬಸಲಿಂಗಮ್ಮನಿಗೆ ತಾನು ತಿಂದ ಬಜ್ಜಿಯೆಲ್ಲ ನೆನಪಾಯಿತು. ಮರುಕ್ಷಣವೇ ಆ ಮೂರು ಗೆರೆ ಕೊರೆಯುತ್ತ ಕೂತ ಗಂಡ ಕಣ್ಣಿಗೆ ಕಟ್ಟಿದ. ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ, ಎರಡೂ ಬಂದವು.

“ತಿಂತಿದ್ರೇನು?” ಎಂದು ಕೇಳಿದಳು. “ಅಷ್ಟು ಹೇಳ್ರಿ ನನಗ.”

“ನಾ ನೋಡಿಲ್ಲ, ಅಮ್ಮಾ,” ಎಂದ ಖಾಜಾ.

“ಉಪ್ಪು ನೋಡದ ಅಷ್ಟು ಚಲೋ ಹ್ಯಾಂಗಾಗತೈತಿ?” ಎಂದು ಟವೆಲ್ಲಿನೊಳಗಿಂದ ರಾಮದಾಸ ಅಂದ. ಈ ಮನುಷ್ಯನಿಗೆ ಸುಮ್ಮನಿರುವುದೇ ಗೊತ್ತಿರಲಿಲ್ಲ.

“ತತ್ತಿ ವಾಸನಿ ಬಂದ್ರ ಮೂಗು ಮುಚ್ಕೋತಿದ್ದ ನಮ್ಮಪ್ಪ!” ಎಂದು ಶೋಭಾ ರೇಗಿದಳು.

“ಅದಕ್ಕ ಲಿಂಗ ಬಿಚ್ಚಿ ಒಗದಾನ,” ಎಂದಳು ಶಿವದೇವಿ, ಅಳುತ್ತಳುತ್ತಲೇ. “ಇನ್ನ ಎಲ್ಲಿ ಸಿಗತೈತಿ ಅದು? ಸುಡ್ರಿ. ಹೆಂಗೂ ಬೆಂಕಿ ಅಂದ್ರ ಪ್ರಾಣ ಅಲ್ಲ ಅವಗ.”

ಬಸಲಿಂಗಮ್ಮ ಎದ್ದು ಒಳಗೆ ಹೋದಳು. ಅವಳನ್ನು ಬೇರೊಂದು ಸಂಗತಿ ಕಾಡತೊಡಗಿತ್ತು. ಐತವಾರದ ಸಂಜೆ ಗಂಡ ಯಾವಾಗಲೂ ತಲೆ ಒದ್ದೆ ಮಾಡಿಕೊಂಡೇ ಮನೆಗೆ ಬರುತ್ತಿದ್ದ. “ಖಾಜಾನ ನಳದಾಗ ಜಳಕ ಮಾಡಿ ಬಂದೆ, ಹೊಗಿ ವಾಸನಿ ನಿನಗ ಆಗೂದಿಲ್ಲಲ್ಲ,” ಎನ್ನುತ್ತಿದ್ದ. ತನ್ನ ಮೇಲೆ ಎಷ್ಟು ಜೀವ ಎಂದು ಅವಳು ಕೂಟದ ಹೆಂಗಸರ ಮುಂದೆ ಹೇಳಿಕೊಂಡಿದ್ದೂ ಉಂಟು. ಹಾಗಾದರೆ ಅವನು ತೊಳೆದುಕೊಂಡು ಬರುತ್ತಿದ್ದದ್ದು ಏನನ್ನು?

ಹೊರಗೆ ಮೂರೂವರೆ ಆಯಿತೆಂದು ಯಾರೋ ಕೂಗಿದರು. ಯಾರೋ ಸೌದೆ ಡಿಪೋದ ಮಾತೆತ್ತಿದರು.

ತಿಂದನೋ ಬಿಟ್ಟನೋ ಅದು ಅವನ ಮತ್ತು ಶಿವನ ನಡುವಿನ ಮಾತು. ಆದರೆ ಇಷ್ಟು ಮಂದಿಯ ಮುಂದೆ ಅವನ ಕೈ ಖಾಲಿ ಎಂದು ಅವನನ್ನು ಅಡ್ಡ ಮಲಗಿಸಿ ಒಯ್ಯುವುದೇ? ಬಸಲಿಂಗಮ್ಮ ಬಚ್ಚಲ ಬಾಗಿಲು ಹಾಕಿಕೊಂಡಳು. ಕುಪ್ಪಸದೊಳಗೆ ಕೈ ಹಾಕಿದಳು. ಎಂಟನೇ ವಯಸ್ಸಿಗೆ ಗುರುಗಳು ತನಗೆ ಕಟ್ಟಿದ ಲಿಂಗ. ಬಾಣಂತನದಲ್ಲೂ, ಜ್ವರದಲ್ಲೂ, ಒಂದು ಗಳಿಗೆಯೂ ಮೈಯಿಂದ ದೂರ ಮಾಡದ್ದು. ಶಿವದಾರದ ಗಂಟು ಬೆರಳಿಗೆ ಜಗ್ಗಲಿಲ್ಲ, ಹಲ್ಲಿನಿಂದ ಬಿಚ್ಚಿದಳು.

“ಸಿಕ್ತು!” ಎಂದು ಹೊರಗೆ ಬಂದಳು. “ಬಚ್ಚಲ ಗೂಡಿನಾಗಿತ್ತು. ಜಳಕಕ್ಕ ಹ್ವಾದಾಗ ಇಟ್ಟು ಮರತಾರ.”

ಅಯ್ಯನವರು ಕೈ ಚಾಚಿ ಇಸಿದುಕೊಂಡರು. ಕರಡಿಗೆಯಿನ್ನೂ ಮೈಯ ಬಿಸಿಗೆ ಬೆಚ್ಚಗಿತ್ತು. ದಾರದ ತುಂಬ ಅರಿಶಿನ, ವರ್ಷಗಟ್ಟಲೆ ಹೆಂಗಸಿನ ಕೊರಳಿಗಂಟಿದ ಅರಿಶಿನ. ಅವರು ದಾರ ನೋಡಿದರು, ಬಸಲಿಂಗಮ್ಮನ ಮುಖ ನೋಡಿದರು. ಅವಳು ಕಣ್ಣು ಕೆಳಗೆ ಹಾಕಲಿಲ್ಲ.

“ಇದ ಅಲ್ಲೇನ್ರಿ ಅವರದು?” ಎಂದರು ಅಯ್ಯನವರು.

“ಇದ ರಿ.”

ಅವರು ಅರಿಶಿನದ ದಾರವನ್ನು ಮುಷ್ಟಿಯೊಳಗೆ ಸುತ್ತಿ ಮುಚ್ಚಿ, ಲಿಂಗವನ್ನು ತೆಗೆದು ಸೂಗಪ್ಪನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ ಬಿಳಿ ಬಟ್ಟೆ ಕಟ್ಟಿದರು. “ಬಾರಿಸ್ರಿ,” ಎಂದರು ಭಜನೆಯವರಿಗೆ.

*

ಮಣ್ಣು ಮಾಡಿ ಬಂದವರೆಲ್ಲ ಜಳಕ ಮಾಡಿ ಕೂತಾಗ ದೀಪ ಹಚ್ಚುವ ಹೊತ್ತು. ಶೋಭಾ ಮೂರು ಸಲ ಚಹಾ ತಂದಳು, ಬಸಲಿಂಗಮ್ಮ ಮೂರು ಸಲವೂ ಬೇಡವೆಂದಳು. ನೀರು ಕೊಟ್ಟರೂ ಮುಟ್ಟಲಿಲ್ಲ. ಮೈಮೇಲೆ ಲಿಂಗವಿಲ್ಲದೆ, ಪೂಜೆಯಿಲ್ಲದೆ, ಬಾಯಿಗೆ ಹನಿ ನೀರು ಬಿಡುವ ಹಾಗಿಲ್ಲ. ಅದನ್ನು ಹೇಳುವ ಹಾಗೂ ಇಲ್ಲ. ಗಂಟಲು ಒಣಗಿ ಉಗುಳು ನುಂಗಲೂ ಬಾರದಾಗಿತ್ತು. ದುಃಖ ಎಂದು ಎಲ್ಲರೂ ತಿಳಿದರು. ಇನ್ನು ಎಷ್ಟು ದಿನ ಹೀಗೆ, ಯಾರ ಮುಂದೆ ಏನೆಂದು ಬಾಯಿ ಬಿಡಲಿ ಎಂದು ಅವಳು ಗೋಡೆ ನೋಡುತ್ತ ಕೂತಿದ್ದಳು.

ಹಿತ್ತಲ ಬಾಗಿಲ ಸಪ್ಪಳವಾಯಿತು. ಖಾಜಾನ ಹೆಂಡತಿ ಮೆಹರುನ್ನೀಸಾ, ಬುರ್ಖಾದಲ್ಲಿ, ಹೆಗಲಲ್ಲಿ ಇನ್ನೂ ಪ್ರಯಾಣದ ಚೀಲ. ನಿನ್ನೆ ಸೂಗಪ್ಪ ಬೆಂಕಿ ಹಚ್ಚಿದ ಮೇಲೆ ಮಗಳ ಬಾಣಂತನಕ್ಕೆ ಜಹೀರಾಬಾದಿಗೆ ಹೋಗಿದ್ದವಳು, ಸುದ್ದಿ ಕೇಳಿ ಬಸ್ಸು ಹಿಡಿದು ಬಂದು, ಮೊದಲು ಮನೆಯ ಕಪಾಟು ತೆರೆದಿದ್ದಳು.

“ಅಮ್ಮಾ, ಭಾಯ್‌ಸಾಬ್‌ರ ಅಮಾನತ್, ಅವರು ನಂಬಿ ಇಟ್ಟಿದ್ದು, ನಮ್ಮ ಕಪಾಟಿನ್ಯಾಗ ಉಳಕೊಂಡೈತಿ,” ಎಂದು ಬಿಕ್ಕುತ್ತ, ಒಗೆದು ಮಡಿಚಿದ ಬಿಳಿ ಬಟ್ಟೆಯ ಗಂಟೊಂದನ್ನು ಎರಡೂ ಕೈಯಲ್ಲಿ ಚಾಚಿದಳು. “ಬೆಂಕಿ ಹಚ್ಚೂದರ ಮೊದಲು ತಂದು ಇಡ್ತಿದ್ರು, ಎಲ್ಲಕ್ಕಿಂತ ಮ್ಯಾಲಿನ ಖಾನೇದಾಗ. ನಾ ಕೈ ಹಚ್ಚಿದಾಕಿ ಅಲ್ಲ. ಸಂಜೀಕ ಜಳಕ ಮಾಡಿ ತಾವೇ ತಗೋತಿದ್ರು. ನಿಮಗ ಹೇಳಬ್ಯಾಡ, ನೊಂದ್ಕೋತಾಳ ಅಂದಿದ್ರು. ನಮ್ಮ ಮನಿಯವರಿಗೂ ಗೊತ್ತಿಲ್ಲ, ಅವರು ಗೋಶ್ತ್ ತರಾಕ ಹೋಗಿರ್ತಿದ್ರು.”

ಬಸಲಿಂಗಮ್ಮ ಗಂಟನ್ನು ಎದೆಗೊತ್ತಿಕೊಂಡಳು.

“ತಿಂತಿದ್ರೇನವಾ?”

“ನಾ ಒಳಗಿರ್ತಿದ್ದೆ ಅಮ್ಮಾ. ಅಲ್ಲಾನ ಆಣಿ, ನಾ ನೋಡಿಲ್ಲ.”

ಮೆಹರುನ್ನೀಸಾ ಹೋದ ಮೇಲೆ ಬಸಲಿಂಗಮ್ಮ ದೇವರ ಮಾಡದ ಮುಂದೆ ಕೂತಳು. ಗಂಟು ಬಿಚ್ಚಿ, ಕರಡಿಗೆ ತೆರೆದು, ಗಂಡನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಉಳಿದಿದ್ದ ವಿಭೂತಿ ಹಚ್ಚಿ, ಒಂದು ಪತ್ರಿ ಏರಿಸಿದಳು. ಮಂತ್ರ ಅರ್ಧಕ್ಕೆ ತಪ್ಪಿತು, ಮತ್ತೆ ಮೊದಲಿಂದ ಹೇಳಿದಳು. ಆಮೇಲೆ ಅದನ್ನು ಕೊರಳಿಗೆ ಹಾಕಿಕೊಂಡಳು. ಗಂಡಸಿನ ಅಳತೆಯ ದಾರ, ಲಿಂಗ ಎದೆ ದಾಟಿ ಹೊಟ್ಟೆಯ ಮೇಲೆ ಬಂದು ನಿಂತಿತು.

“ಶೋಭಾ,” ಎಂದು ಕರೆದಳು. “ಒಂದು ತಂಬಿಗಿ ನೀರು ಕೊಡವ್ವಾ.”

ಶೋಭಾ ತಂದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ತೆಗೆದುಕೊಳ್ಳದೆ, ಕೊನೆಯ ಹನಿಯವರೆಗೆ ಕುಡಿದಳು.