ಭಟ್ಟಿಯೊಳಗಿನ ಬಾಡಿಗೆದಾರರು

ಅನುಜಾಳಿಗೆ ಬಂದ ಮೊದಲ ಆರ್ಡರು ಅದು. ಖಾನಾಪುರದ ನಿಂಗವ್ವನವರ ಹೊಸ ಮನೆಯ ಬಾಗಿಲ ಪಕ್ಕಕ್ಕೆ ಹಸಿರು ಗಾಜಿನ ಹಲಗೆ, ಅದರಲ್ಲಿ ಉಬ್ಬಿದ ಮಲ್ಲಿಗೆ ಬಳ್ಳಿ. ಶುಕ್ರವಾರ ಗೃಹಪ್ರವೇಶ.

ಖಾಲಿ ಶರಬತ್ತಿನ ಬಾಟಲಿಗಳನ್ನು ತೊಳೆದು ಕೊಯ್ದಿದ್ದಳು. ಸುಡದ ದಪ್ಪ ಕಾಗದದಲ್ಲಿ ಬಳ್ಳಿ ಕತ್ತರಿಸಿ ಕರೆಂಟಿನ ಭಟ್ಟಿಯ ತಳಕ್ಕೆ ಹಾಸಿ, ಮೇಲೆ ಗಾಜು ಜೋಡಿಸಿದ್ದಳು. ಕಾವಿಗೆ ಗಾಜು ಮೆತ್ತಗಾಗಿ ಬಳ್ಳಿಯ ಮೇಲೆ ಕೂತುಬಿಡುತ್ತದೆ. ಬುಧವಾರ ಮಧ್ಯಾಹ್ನ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅಜ್ಜಿ ಹೀರಾಬಾಯಿ ಭಟ್ಟಿಯೊಳಗೆ ಇಣುಕಿದರು.

“ನಿಂದರ. ಒಳಗ ಇರಿವಿ ಅದಾವ.”

ಅವರಿದ್ದ ಶಿವಬಸವ ನಗರದಲ್ಲಿ ಎರಡು ದಿನದಿಂದ ಮಳೆ. ಹಿತ್ತಿಲ ಇರುವೆಗಳು ಮೊಟ್ಟೆ ಹೊತ್ತು ಬಂದು ಭಟ್ಟಿಯ ಇಟ್ಟಿಗೆ ಸಂದಿನಲ್ಲಿ ಬಿಡಾರ ಹೂಡಿದ್ದವು.

“ಆಯಿ, ನಾಡಿದ್ದ ಗೃಹಪ್ರವೇಶ! ಭಟ್ಟಿ ಕಾಯಾಕ, ಆರಾಕ ಒಂದ ದಿನಾ ಬೇಕು.”

“ಮಕ್ಕಳು ಮರಿ ಕಟಗೊಂಡ ಬಂದಾವ. ಸುಡ್ತೀಯೇನ?”

“ಮತ್ತೇನ ನೋಟಿಸ್ ಕೊಡ್ಲಿ ಅವಕ್ಕ?”

“ಬೆಲ್ಲಾ ಕೊಡು.”

ಭಟ್ಟಿಯೊಳಗೆ ಟಾರ್ಚು ಹಚ್ಚಿಟ್ಟರು, ಬೆಳಕಿಗೆ ಅವುಗಳಿಗೆ ಬೇಸರವಾಗಲೆಂದು. ಅಲ್ಲಿಂದ ಕಟ್ಟಿಗೆ ರಾಶಿಯ ಕೆಳಗಿನ ಒಣ ಜಾಗದವರೆಗೆ ಬೆಲ್ಲದ ಪುಡಿಯ ದಾರಿ ಹಾಕಿದರು. ಇಬ್ಬರೂ ಮಣೆಯ ಮೇಲೆ ಕುಳಿತರು. ಇರುವೆಗಳಿಗೆ ಅವಸರವಿರಲಿಲ್ಲ. ಮಾತಿಲ್ಲದೆ ಅಜ್ಜಿಯ ಜೊತೆ ಇಷ್ಟು ಹೊತ್ತು ಕೂತು ಎಷ್ಟು ಕಾಲವಾಗಿತ್ತೋ. ಅನುಜಾಳ ಕೈ ಮಾತ್ರ ಸುಮ್ಮನಿರಲಿಲ್ಲ. ಉಳಿದ ಕಾಗದದ ಚೂರುಗಳನ್ನು ಕತ್ತರಿಸುತ್ತಲೇ ಇತ್ತು.

ಕೊನೆಯ ಮೊಟ್ಟೆ ಹೊರಗೆ ಹೋದದ್ದು ಗುರುವಾರ ಸಂಜೆ. ಅನುಜಾ ಗಾಜು ಎತ್ತಿ, ಆ ಚೂರುಗಳನ್ನೂ ಬಳ್ಳಿಯ ಬದಿಗೆ ಇಟ್ಟು, ಗಾಜು ಮತ್ತೆ ಜೋಡಿಸಿ ಸ್ವಿಚ್ಚು ಒತ್ತಿದಳು. ತಡವಾಗುತ್ತದೆ, ಶನಿವಾರ ಅಜ್ಜಿಯ ಜೊತೆ ತರುತ್ತೇನೆಂದು ಫೋನು ಮಾಡಿದಾಗ ನಿಂಗವ್ವ “ಹ್ಞೂಂ” ಎಂದಷ್ಟೇ ಅಂದರು. ಶನಿವಾರ ಇಬ್ಬರೂ ಬಸ್ಸಿನಲ್ಲಿ ಖಾನಾಪುರ ಮುಟ್ಟುವವರೆಗೂ ಆ ಹ್ಞೂಂ ಅವಳ ಕಿವಿಯಲ್ಲೇ ಇತ್ತು.

ಬಾಗಿಲ ಪಕ್ಕದ ಮೊಳೆಗೆ ಆಗಲೇ ಯಾರೋ ಉಡುಗೊರೆ ಕೊಟ್ಟ ಗಡಿಯಾರ ನೇತಾಡುತ್ತಿತ್ತು.

ನಿಂಗವ್ವ ಗಾಜನ್ನು ಬೆಳಕಿಗೆ ಹಿಡಿದರು. ಬಳ್ಳಿಯ ಬುಡದಿಂದ ಮೊಗ್ಗಿನವರೆಗೆ ಇರುವೆಗಳ ಸಾಲು, ಒಂದೊಂದರ ಬಾಯಲ್ಲೂ ಮೊಟ್ಟೆ.

“ಇವೇನವಾ? ನಾ ಬರೇ ಬಳ್ಳಿ ಹೇಳಿದ್ನಲ್ಲ?”

“ತಡಾ ಮಾಡಿದ್ದು ಈ ಇರಿವೀನ ನೋಡ್ರಿ” ಎಂದು ಹೀರಾಬಾಯಿ ನಡೆದದ್ದನ್ನೆಲ್ಲ ಹೇಳಿದರು.

ನಿಂಗವ್ವ ಆ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ ನಗು ತಡೆಯಲಾಗಲಿಲ್ಲ.

“ತಪ್ಪ ಮಾಡಿದವರನ್ನ ಹಿಡಕೊಂಡ ಬಂದು ನನ್ನ ಬಾಗಲದಾಗ ನಿಂದರಸ್ತೀರೇನ್ರಿ!”

ಗಡಿಯಾರ ಕೆಳಗಿಳಿಯಿತು.

“ಕುಂದರ್ರಿ ಅಮ್ಮಾರ. ಜೈನರು ನೀವು, ಹೊತ್ತ ಮುಳಗೂದರಾಗ ನಿಮ್ಮ ಊಟಾ ಆಗಬೇಕಲ್ಲ. ನಿಮ್ಮ ಸಲುವಾಗಿ ಬೆಳಿಗ್ಗೇನ ಉಳ್ಳಾಗಡ್ಡಿ ಹಾಕದ ಪಲ್ಯಾ ಮಾಡಿ ಇಟ್ಟೇನಿ.”