ಸ್ವಂತ ದುಪ್ಪಟಿಯ ಅತಿಥಿ

ಓಸ್ಮುಂಡ್ ‘ಹೂಂ’ ಎನ್ನುವುದನ್ನೂ ಉಸಿರನ್ನು ಒಳಕ್ಕೆಳೆದುಕೊಂಡೇ ಎನ್ನುತ್ತಿದ್ದ. ಉತ್ತರದ ಮೀನುಗಾರರ ದ್ವೀಪಗಳಲ್ಲಿ ಹಲವರ ರೂಢಿಯೇ ಅದು. ಆದರೆ ಈತನ ಬಾಯಲ್ಲಿ ಕೇಳಿದರೆ, ತನ್ನ ಒಪ್ಪಿಗೆಯ ಗಾಳಿಯೂ ಎದುರಿಗಿದ್ದವರಿಗೆ ತಾಗಬಾರದು ಎಂಬ ಸಂಕೋಚದಂತೆ ಕೇಳುತ್ತಿತ್ತು. ಎತ್ತರದ ಆಳು. ಬಾಗಿಲು ಎಷ್ಟು ದೊಡ್ಡದಿದ್ದರೂ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದ. ಮೊಣಕೈಗೆ ತೇಪೆ ಹಾಕಿದ ಕಡುನೀಲಿ ಕೋಟು, ಕಂಕುಳಲ್ಲಿ ಬಲೆ ಹೆಣೆಯುವ ಹುರಿಯಿಂದ ಕಟ್ಟಿದ ಬಿಳಿಯ ದುಪ್ಪಟಿ.

ಓಸ್ಲೋದ ಹಳೆಯ ಮಿಷನ್ ವಸತಿಗೃಹವೊಂದರ ಬಾಗಿಲ ಮೇಜಿನ ಹಿಂದೆ ಇಪ್ಪತ್ತಾರು ವರ್ಷ ಕುಳಿತವಳು ನಾನು. ಈ ದುಬಾರಿ ಊರಿಗೆ ಬರುವವರೆಲ್ಲ ಮೊದಲು ಕೇಳುವುದು ಬಾಡಿಗೆಯನ್ನು. ಓಸ್ಮುಂಡ್ ಕೇಳುತ್ತಿದ್ದುದು ಬೇರೆ: “ನಾನು ಬಂದ್ರೆ ಯಾರಿಗಾದ್ರೂ ಜಾಗ ತಪ್ಪುತ್ತಾ?”

ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಹೃದಯದ ವೈದ್ಯರನ್ನು ಕಾಣಲು ಆತ ನಾಲ್ಕು ದಿನದ ಮಟ್ಟಿಗೆ ಬರುತ್ತಿದ್ದ. ಎಲ್ಲಿ ಉಳಿಯಬೇಕೆಂಬ ಚಿಂತೆ ಮಾತ್ರ ಕ್ರಿಸ್‌ಮಸ್ ಮುಗಿದ ಮರುದಿನವೇ ಶುರುವಾಗುತ್ತಿತ್ತು. ಆಸ್ಪತ್ರೆಯವರು ರೋಗಿಗಳಿಗೆಂದೇ ಇಟ್ಟ ಕೋಣೆಯನ್ನು ‘ನನಗಿಂತ ಹುಷಾರಿಲ್ಲದವರಿಗಿರಲಿ’ ಎಂದು ಬಿಟ್ಟುಕೊಟ್ಟ. ರೈಲು ನಿಲ್ದಾಣದೆದುರಿನ ಹೋಟೆಲಿನಲ್ಲಿ ಒಂದು ವರ್ಷ ಉಳಿದು, ಅಷ್ಟು ಮೆತ್ತನೆಯ ಹಾಸಿಗೆಯಲ್ಲಿ ಕೆಲಸವಿಲ್ಲದೆ ಮಲಗುವುದು ಮರ್ಯಾದೆಯಲ್ಲವೆಂದು ಕುರ್ಚಿಯಲ್ಲೇ ಬೆಳಗು ಮಾಡಿದ. ಇನ್ನೊಂದು ವರ್ಷ ಊರಾಚೆಯ ಮರದ ಗುಡಿಸಲು. ಅಲ್ಲಿಂದ ಆಸ್ಪತ್ರೆ ಸೇರುವಷ್ಟರಲ್ಲಿ ಎದೆಬಡಿತ ಎಷ್ಟು ಏರಿತ್ತೆಂದರೆ ವೈದ್ಯರು ಗದರಿದರಂತೆ. ಕಡೆಗೆ ನಮ್ಮಲ್ಲಿಗೆ ಬಂದ. ಕಿರಿದಾದ ಮಂಚ, ಪಡಸಾಲೆಯ ಕೊನೆಗೆ ಶೌಚಾಲಯ, ದುಪ್ಪಟಿ ತಂದವರಿಗೆ ಬಾಡಿಗೆಯಲ್ಲಿ ಸ್ವಲ್ಪ ಕಡಿತ. ಬೆಳಗಿನ ತಿಂಡಿಯ ಮೇಜಿನಿಂದ ಉಳಿದವರು ಕದ್ದುಮುಚ್ಚಿ ಬುತ್ತಿ ಕಟ್ಟಿಕೊಳ್ಳುತ್ತಿದ್ದರೆ, ಈತ ಎರಡು ಹೋಳು ಬ್ರೆಡ್ಡಿನ ನಡುವೆ ಕಂದು ಚೀಸ್ ಇಟ್ಟು, ಊರಿಂದ ತಂದ ಎಣ್ಣೆಕಾಗದದಲ್ಲಿ ಸುತ್ತಿ, ನನಗೆ ತೋರಿಸಿಯೇ ಜೇಬಿಗಿಳಿಸುತ್ತಿದ್ದ. ಸಂಜೆ ಆ ಕಾಗದವನ್ನು ಒರೆಸಿ, ಮಡಚಿ, ಮರುದಿನಕ್ಕೆ ಇಡುತ್ತಿದ್ದ. ನಮ್ಮಲ್ಲಿಗೆ ಬಂದ ಇಷ್ಟು ವರ್ಷಗಳಲ್ಲಿ ಆತ ಒಂದು ಗುಂಡಿಯನ್ನೂ ಮರೆತು ಹೋದವನಲ್ಲ.

ಇಷ್ಟಾಗಿಯೂ, ಟ್ರಾಮಿನಲ್ಲಿ ಕಾಲು ಗಂಟೆಯ ದೂರದಲ್ಲಿ ಆತನ ಒಡಹುಟ್ಟಿದ ತಂಗಿಯ ಮನೆಯಿತ್ತು. ಹೆಸರು ಟೋರಾ. ಒಬ್ಬಳೇ ಇದ್ದಳು, ಒಂದು ಕೋಣೆ ಖಾಲಿಯೂ ಇತ್ತು. ಓಸ್ಮುಂಡ್ ಭಾನುವಾರ ಅಲ್ಲಿಗೆ ಕಾಫಿಗೆ ಹೋಗಿ, ಸರಿಯಾಗಿ ಎರಡು ಗಂಟೆಗೆ, ಅವಳಿಗೆ ದಣಿವಾಗುವ ಮೊದಲೇ ಎದ್ದುಬಿಡುತ್ತಿದ್ದ.

“ಅಲ್ಲೇ ಇರಬಾರದಾ?” ಎಂದು ಒಮ್ಮೆ ಕೇಳಿದೆ.

“ಮೊದಲ ವರ್ಷ ಅವಳೇ ಫೋನ್ ಮಾಡಿ, ‘ಎಲ್ಲಿ ಉಳ್ಕೋತೀಯ, ಗೊತ್ತಾಯ್ತಾ?’ ಅಂದ್ಲು. ಅಂದ್ರೆ ನನ್ನ ಮನೆಗೆ ಬರಬೇಡ ಅಂತ ತಾನೇ. ಗೊತ್ತಾಗಿದೆ ಅಂದೆ. ಅವಳಿಗ್ಯಾಕೆ ತೊಂದ್ರೆ.”

ಹೋದ ವರ್ಷದ ಏಪ್ರಿಲ್‌ನಲ್ಲಿ, ಆತ ಆಸ್ಪತ್ರೆಗೆ ಹೋಗಿದ್ದಾಗ, ಟೋರಾ ಡಬ್ಬಿಯೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅಣ್ಣ ಒಂದೇ ಹೋಳು ತಿಂದು ಎದ್ದುಬಂದಿದ್ದನೆಂದು ಮಿಕ್ಕ ಕೇಕನ್ನು ತಂದಿದ್ದಳು. ಡಬ್ಬಿ ಇಡಲು ಕೋಣೆಯ ಬಾಗಿಲು ತೆಗೆದುಕೊಟ್ಟೆ. ಮಂಚದ ಮೇಲಿನ ದುಪ್ಪಟಿಯನ್ನು ನೋಡಿದವಳು ಅಲ್ಲೇ ನಿಂತುಬಿಟ್ಟಳು. ಅದರ ಅಂಚಿನಲ್ಲಿ ನೀಲಿ ನೂಲಿನ ಎರಡಕ್ಷರದ ಕಸೂತಿ.

“ಅಮ್ಮ ಹಾಕಿದ್ದು. ಇದರ ಜೋಡಿ ನನ್ನ ಹತ್ರ ಇದೆ,” ಎಂದಳು. “ಪ್ರತಿ ಏಪ್ರಿಲ್ ಹಾಸ್ತೀನಿ. ಇವನು ಊರಿಗೆ ಹೋದ ಮೇಲೆ ತೆಗೆದು ಮಡಚಿಡ್ತೀನಿ.”

“ಒಂದು ಸಲ ಬಾಯಿಬಿಟ್ಟು ಕರೀಬಾರದಾ, ಮಾರಾಯ್ತಿ?”

“ಎಲ್ಲಿ ಉಳ್ಕೋತೀಯ ಅಂತ ಕೇಳಿದ್ನಲ್ಲ. ಗೊತ್ತಾಗಿದೆ ಅಂದ. ಅದರ ಮೇಲೂ ಬಾ ಬಾ ಅಂತ ಪೀಡಿಸೋಕಾಗುತ್ತಾ? ನೀನು ಅವನಿಗೆ ಹೇಳೋಕೆ ಹೋಗ್ಬೇಡ.”

ನನಗೆ ಸಿಟ್ಟು ಬಂತು. ಒಂದೇ ಪ್ರಶ್ನೆಯನ್ನು ಅವಳು ಕರೆಯೆಂದು ಕೇಳಿದ್ದಳು, ಈತ ತಡೆಯೆಂದು ತಿಳಿದಿದ್ದ. ಹನ್ನೊಂದು ಏಪ್ರಿಲ್‌ಗಳು ಹಾಗೆಯೇ ಕಳೆದುಹೋಗಿದ್ದವು. ಈ ಜನರ ನಡುವೆ ಬದುಕಿ ನಾನೂ ಅವರಂತೆಯೇ ಆಗಿದ್ದೆನೋ ಏನೋ, ಆ ದಿನ ಸುಮ್ಮನಿದ್ದೆ.

ಈ ವರ್ಷ ವಸತಿಗೃಹ ಮಾರಾಟವಾಯಿತು. ಜನವರಿಯಲ್ಲಿ ಓಸ್ಮುಂಡ್ ಫೋನ್ ಮಾಡಿದ. ದನಿ ಬಹಳ ಸೋತಿತ್ತು. ಈ ಸಲ ವೈದ್ಯರ ಭೇಟಿಯೇ ಬೇಡವೆಂದುಬಿಡಲೇ ಎಂದು ಯೋಚಿಸುತ್ತಿದ್ದೇನೆ, ಹುಡುಕಿ ಹುಡುಕಿ ಸಾಕಾಗಿದೆ, ಎಂದ.

“ಒಂದು ಜಾಗ ಇದೆ,” ಎಂದೆ. “ಆಸ್ಪತ್ರೆಗೂ ಹತ್ರ. ಕೋಣೆ ಖಾಲಿ ಇದೆ, ಯಾರಿಗೂ ಜಾಗ ತಪ್ಪಲ್ಲ. ವಿಳಾಸ ಬರ್ಕೋ.”

ಬೀದಿಯ ಹೆಸರು ಹೇಳಿದೆ, ಮನೆ ಸಂಖ್ಯೆ ಹೇಳಿದೆ. ಪೆನ್ಸಿಲಿನ ಸದ್ದು ನಿಂತಿತು.

“ಅದು ಟೋರಾ ಮನೆ.”

“ಹೌದು. ಹನ್ನೊಂದು ವರ್ಷದಿಂದ ನಿನಗೆ ಅಂತ ಹಾಸಿ ಕಾಯ್ತಿದ್ದಾಳೆ. ಹೇಳ್ಬೇಡ ಅಂದಿದ್ಲು, ಹೇಳ್ತಿದ್ದೀನಿ.”

ಉಸಿರು ಒಳಕ್ಕೆಳೆದುಕೊಂಡ ಆ ‘ಹೂಂ’ ಕೇಳಿಸಿತು.

ಏಪ್ರಿಲ್‌ನಲ್ಲಿ ಆತ ಹೋದ. ಸುಮ್ಮನೆ ಹೋಗಲಿಲ್ಲ ಮಾರಾಯ, ಕಂಕುಳಲ್ಲಿ ಸ್ವಂತ ದುಪ್ಪಟಿಯನ್ನು ಹಿಡಿದೇ ಹೋದ. ಟೋರಾ ತಾನು ಹಾಸಿದ್ದನ್ನು ತೆಗೆದು ಆತನದನ್ನು ಹಾಸಿದಳು. ನಾಲ್ಕು ದಿನವೂ ಬೆಳಿಗ್ಗೆ ಅವಳು ಏಳುವ ಮೊದಲೇ ಆತ ಎದ್ದು, ಯಾರೂ ಮಲಗಿರಲಿಲ್ಲವೆಂಬಂತೆ ಹಾಸಿಗೆ ಸರಿಪಡಿಸುತ್ತಿದ್ದನಂತೆ. ಆತ ಊರಿಗೆ ಹೊರಟ ದಿನ ಮಧ್ಯಾಹ್ನ ಟೋರಾ ನನಗೆ ಫೋನ್ ಮಾಡಿದಳು.

“ದುಪ್ಪಟಿ ಇಲ್ಲೇ ಇದೆ. ಕಪಾಟಿನಲ್ಲಿ, ನನ್ನದರ ಮೇಲೆ ಮಡಚಿಟ್ಟಿದ್ದಾನೆ. ಮರೆತನೋ, ಬಿಟ್ಟನೋ?”

“ಅವನು ಮರೆಯೋನಾ?” ಎಂದೆ.

ಅವಳು ಅಳುತ್ತಿದ್ದಳೆಂದು ತೋರುತ್ತದೆ. ಇಂಥವರನ್ನು ಎಷ್ಟೋ ಮಂದಿಯನ್ನು ಆ ಮೇಜಿನ ಹಿಂದಿನಿಂದ ಕಂಡಿದ್ದೇನೆ. ಯಾರಿಗೂ ಹೊರೆಯಾಗಬಾರದೆಂದು ಬದುಕಿಡೀ ತಲೆ ತಗ್ಗಿಸಿ ನಡೆಯುವ ಈ ಸಜ್ಜನರಿಗೆ, ತಮಗಾಗಿ ಹಾಸಿ, ಕಾದು, ತೆಗೆದು ಮಡಚಿಡುವ ಹೊರೆ ಯಾರ ಮೇಲೆ ಬಿತ್ತೆಂಬುದು ಹೊಳೆಯುವುದೇ ಇಲ್ಲ. ಹೊಳೆದಾಗ ಕ್ಷಮೆ ಕೇಳಲೂ ಅವರಿಗೆ ಬಾಯಿ ಬರುವುದಿಲ್ಲ, ಒಂದು ದುಪ್ಪಟಿಯನ್ನು ಬಿಟ್ಟುಹೋಗುತ್ತಾರೆ.