ವಾಲ್ವಿನ ಹಣೆಗೆ ಕುಂಕುಮ

ಪೀಣ್ಯದಲ್ಲಿ ತಮ್ಮದಾಗಿದ್ದ ರಾಗಿ ಹೊಲದಲ್ಲಿ ಕಾರ್ಖಾನೆಯ ಶೆಡ್ಡು ಎದ್ದ ಮೇಲೆ ಭಾಗ್ಯಮ್ಮನಿಗೆ ಅದರೊಳಗೇ ಕೆಲಸ ಸಿಕ್ಕಿತ್ತು. ದೂರದ ಕಾಳಿ ನದಿಯ ದಂಡೆಗೆ ಬರಲಿದ್ದ ಅಣು ವಿದ್ಯುತ್ ಸ್ಥಾವರದ ವಾಲ್ವುಗಳನ್ನು ಬಿಳಿ ಕೈಗವಸು ತೊಟ್ಟು ಸ್ಪಿರಿಟ್ಟಿನಲ್ಲಿ ಒರೆಸುವುದು. ಧೂಳಿನ ಕಣವೂ ಇರಕೂಡದು. ಊರಿಗೆ ಊರೇ ಅಮಲೇರಿದಂತಿತ್ತು. ನಂಜಪ್ಪನ ಹೋಟೆಲಿಗೆ ‘ಆಟಂ ಟಿಫನ್ ರೂಂ’ ಎಂಬ ಬೋರ್ಡು ಬಂತು. ಎಮ್ಮೆ ಹಾಲು ಹೆಚ್ಚು ಕೊಟ್ಟರೂ ಆಟಂ, ಒದ್ದರೂ ಆಟಂ.

ಅತ್ತೆ ಪಿಳ್ಳಮ್ಮ ಮಾತ್ರ ಹೇಳಿಬಿಟ್ಟಿದ್ದಳು: “ಮಾಲು ವಾಪಸ್ ಬಂದ್ರೆ ನೀನೂ ವಾಪಸ್ಸು, ಕೊಟ್ಟಿಗೆಗೆ!”

ಆಯುಧಪೂಜೆಯ ರಜೆಗೆ ಮುಂಚಿನ ದಿನವೇ ಶೆಡ್ಡಿನಲ್ಲಿ ಪೂಜೆ. ಅಂದೇ ಮಾಲು ನೋಡಲು ಇನ್‌ಸ್ಪೆಕ್ಟರ್ ಸುಬ್ರಹ್ಮಣ್ಯ ಬರುವುದೂ ಇತ್ತು. ಭಾಗ್ಯಮ್ಮ ಕೈಗವಸು ಬದಲಿಸಿ ಬರುವಷ್ಟರಲ್ಲಿ ಪಿಳ್ಳಮ್ಮ ತಟ್ಟೆ ಹಿಡಿದು ನಿಂತಿದ್ದಳು. ಒರೆಸಿಟ್ಟ ಒಂದೊಂದು ವಾಲ್ವಿಗೂ ಕುಂಕುಮ!

“ಅಯ್ಯೋ ಅತ್ತೆ, ಏನ್ ಮಾಡ್ಬಿಟ್ರಿ!”

“ನಮ್ಮೊಲದಾಗೆ ಬೆಳ್ದಿದ್ದು ಕಣೇ. ಬರೀ ಅಣೇಲಿ ಕಳಿಸ್ತಾರಾ?”

ಮಾಲೀಕ ಶ್ಯಾಮಸುಂದರ ತಲೆ ಹಿಡಿದುಕೊಂಡ. ಲೇತಿನವರೆಲ್ಲ ಕಡ್ಲೆಪುರಿ ಬಿಟ್ಟು ಓಡಿಬಂದು, ನಗು ತಡೆಯಲಾಗದೆ ಒರೆಸಿದ್ದೇ ಒರೆಸಿದ್ದು. ಅಷ್ಟರಲ್ಲಿ ಜೀಪು ಬಂತು. ಬಾಗಿಲಲ್ಲೇ ಪಿಳ್ಳಮ್ಮ ಇನ್‌ಸ್ಪೆಕ್ಟರನ ಹಣೆಗೂ ದಪ್ಪಗೆ ಬಳಿದಳು.

ಆತ ಬಗ್ಗಿ, ಬಿಳಿ ಬಟ್ಟೆಯಿಂದ ಮೊದಲ ವಾಲ್ವನ್ನು ಒರೆಸಿದ. ಬಟ್ಟೆ ಕೆಂಪಾಯಿತು.

ಭಾಗ್ಯಮ್ಮನ ಮೂಗಿಗೆ ಆಗಲೇ ಕೊಟ್ಟಿಗೆಯ ಸಗಣಿ ವಾಸನೆ ಬಡಿದಂತಾಯಿತು. ಅವಳ ಕಣ್ಣೆದುರೇ ಇನ್ನೊಂದು ಚಿಟಿಕೆ ಕುಂಕುಮ ಇನ್‌ಸ್ಪೆಕ್ಟರನ ಮೂಗಿನ ತುದಿಯಿಂದ ವಾಲ್ವಿನ ಮೇಲೆ ಉದುರಿತು.

“ಸಾರ್, ಅದು ನಿಮ್ದೇ! ನಿಮ್ಮಣೆಯಿಂದಾನೇ ಉದುರ್ತೈತೆ!”

ಸುಬ್ರಹ್ಮಣ್ಯ ಹಣೆ ಮುಟ್ಟಿ ನೋಡಿಕೊಂಡ. “ಹಾಗಾದ್ರೆ ಮೊದಲು ನನ್ನೇ ರಿಜೆಕ್ಟ್ ಮಾಡ್ಬೇಕು ಕಣ್ರೀ!” ಶೆಡ್ಡೆಲ್ಲ ಬಿದ್ದುಬಿದ್ದು ನಕ್ಕಿತು. ಆದರೂ ಆತ ಬಿಡಲಿಲ್ಲ. ಮುಖ ತೊಳೆದು ಬಂದು, ಎಲ್ಲವನ್ನೂ ಮತ್ತೆ ಒರೆಸಿಸಿ, ಮತ್ತೆ ನೋಡಿದ. ಬಟ್ಟೆ ಬೆಳ್ಳಗೇ ಉಳಿಯಿತು. ಮಾಲು ಪಾಸಾಯಿತು.

ನಗುತ್ತಲೇ ಭಾಗ್ಯಮ್ಮ ಕೇಳಿದಳು: “ಆ ಕಾಳಿ ದಂಡೇಲೂ ಯಾರ್ದಾದ್ರೂ ಒಲ ಇತ್ತಾ, ಸಾರ್?”

“ಇತ್ತಮ್ಮ.”

“ಅವ್ರಿಗೂ ಅದ್ರೊಳಗೇ ಕೆಲ್ಸ ಸಿಗ್ತದಾ?”

ಆತ ಬಟ್ಟೆಯನ್ನು ಮಡಚಿದ; ಬಿಚ್ಚಿ ಮತ್ತೆ ಮಡಚಿದ.

ಹೊರಗೆ ಪಿಳ್ಳಮ್ಮ ಬೂದುಗುಂಬಳ ಒಡೆದಳು. ಎಲ್ಲರೂ ಕೇಕೆ ಹಾಕುತ್ತ ಅತ್ತ ನುಗ್ಗಿದರು. “ಆಟಂ ಸೊಸೆ, ಬಾರೇ! ಕೊಟ್ಟಿಗೆ ನಾನೇ ನೋಡ್ಕೊಂತೀನಿ!” ಎಂದು ಪಿಳ್ಳಮ್ಮ ಕೂಗಿದಳು.

ಭಾಗ್ಯಮ್ಮ ವಾಲ್ವುಗಳನ್ನು ಪೆಟ್ಟಿಗೆಗಿಟ್ಟು ಮುಚ್ಚಳ ಬಿಗಿದಳು. ಆಮೇಲೆ ಕೈಗವಸು ಕಳಚಿ, ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದು, ಕಾಣದ ಆ ಹೊಲದವರ ಹೆಸರಲ್ಲಿ ಮರದ ಮುಚ್ಚಳಕ್ಕೆ ಹಚ್ಚಿದಳು.